ಮೂರನೆಯ ಇಲಿಯ ಹಲ್ಲು

ಬೆಳಕವಾಡಿ
9 ನವೆಂಬರ್ 1942

ಮಗಳು ಹೊಂಬಾಳೆಗೆ ನಿನ್ನಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಆರು ದಿನವಾಯಿತು. ಉತ್ತರ ತಡವಾಯಿತು ಎಂದು ಮೂತಿ ಉಬ್ಬಿಸಬೇಡ, ತಪ್ಪು ನಿನ್ನ ಮಸಿಯದು. ಯುದ್ಧ ಶುರುವಾದ ಮೇಲೆ ಮದ್ದೂರಿನ ಅಂಗಡಿಯವರು ಮಸಿಗೆ ನೀರು ಹುಯ್ಯುತ್ತಿದ್ದಾರೋ ಏನೋ, ಅಕ್ಷರವೆಲ್ಲ ಹೊಗೆ ಹೊಗೆ. ಮುಂದಿನ ಸಲ ಒಂದೊಂದು ಅಕ್ಷರವನ್ನೂ ಕಡಲೆಕಾಯಿ ಗಾತ್ರಕ್ಕೆ ಬರೆ. ಹಾಳೆ ನಾಲ್ಕು ಹೆಚ್ಚಾದರೆ ಆಗಲಿ.

ನಾನು ಚೆನ್ನಾಗಿದ್ದೇನೆ. ಸ್ಕೂಲಿನಲ್ಲಿ ಮಕ್ಕಳು ಮೊದಲಿನಷ್ಟೇ ದಡ್ಡರು. ಇಲಿಗಳ ಜಾತಿ ಗುರುತಿಸಿ ಕಳಿಸಿ ಎಂದು ಕೇಳುತ್ತಿದ್ದ ಬೆಂಗಳೂರಿನ ಇಂಗ್ಲಿಷ್ ದೊರೆ ಯುದ್ಧಕ್ಕೆ ಹೋದ ಮೇಲೆ ಜಾತಿಯ ಚೀಟಿ ಅಂಟಿಸಿ ಬಾಟಲಿ ಕಳಿಸುವ ಕೆಲಸವೂ ನಿಂತಿದೆ. ಆದರೆ ಚಟ ಬಿಟ್ಟೀತೆ? ಮೊನ್ನೆ ಕರಿಯಯ್ಯನ ಜೊತೆ ನಾಲೆ ಕೆಳಗಿನ ಗದ್ದೆಗೆ ಹೋಗಿದ್ದೆ. ಈ ವಯಸ್ಸಿನಲ್ಲೂ ಬಿಲ ಅಗೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಿಲದ ಬಾಯಲ್ಲಿ ಸಣ್ಣ ಕಲ್ಲು ಪೇರಿಸಿದ್ದರೆ ದೂರದಿಂದಲೇ "ಇದು ಕಲ್ಲಿಲಿ ಕಣ್ ಮೇಷ್ಟ್ರೇ" ಅನ್ನುತ್ತಾನೆ. ಪುಡಿ ಮಣ್ಣು ಗುಪ್ಪೆ ಹಾಕಿದ್ದರೆ ಚಿಟ್ಟಿಲಿ. ಆದರೆ ಬಿಲದಿಂದ ತೆಗೆದು ಅಂಗೈಯಲ್ಲಿಟ್ಟರೆ ಅವನಿಗೆ ಎಲ್ಲವೂ ಒಂದೇ. "ಬಿಲ ತೋರ್ಸಿ ಏಳ್ತೀನಿ. ಬರೀ ಇಲಿ ತೋರ್ಸುದ್ರೆ ನಾನೇನ್ ಏಳ್ಲಿ?" ಎಂದು ನಗುತ್ತಾನೆ.

ನೀನು ಎಂಟು ವರ್ಷದವಳಿದ್ದಾಗ ಒಂದೇ ಬದುವಿನಲ್ಲಿ ಸಿಕ್ಕವೆಂದು ಎರಡು ಇಲಿಗಳನ್ನು ಒಂದೇ ಬಾಟಲಿಗೆ ಹಾಕಿದ್ದೆಯಲ್ಲ, ನೆನಪಿದೆಯೆ? ಒಂದು ಗದ್ದೆಯ ಚಿಟ್ಟಿಲಿ, ಇನ್ನೊಂದು ದಾರಿ ತಪ್ಪಿ ಗದ್ದೆಗೆ ಬಂದ ಮನೆಯ ಸುಂಡಿಲಿ. ಊಟ ಬಿಡಿಸಿ ಬೈದಿದ್ದೆ. ಒಂದು ಕಡೆ ಸಿಕ್ಕವೆಲ್ಲ ಒಂದೇ ಜಾತಿಯಲ್ಲ ಎಂದು ಇಪ್ಪತ್ತು ಸಲ ಬರೆಸಿದ್ದೆ. ಸುಂಡಿಲಿಗೆ ಮಾತ್ರ ಇರುವ, ಮೇಲಿನ ಹಲ್ಲಿನ ಹಿಂಬದಿಯ ಕಚ್ಚನ್ನು ಉಗುರಿನಿಂದ ಹುಡುಕುವುದನ್ನು ನೀನು ಅವತ್ತೇ ಕಲಿತೆ. ಆಮೇಲೆ ನಿನ್ನ ಉಗುರು, ನನ್ನ ಕಣ್ಣು ಎರಡೂ ಒಪ್ಪದೆ ನಾವು ಒಂದು ಚೀಟಿಯನ್ನೂ ಬರೆಯಲಿಲ್ಲ. ನಿನ್ನಮ್ಮ ಬದುಕಿದ್ದಿದ್ದರೆ "ಬೆಟ್ಟ ಅಗೆದು ಇಲಿ ಹಿಡಿದ್ರಂತೆ ಅಪ್ಪ ಮಗಳು" ಎಂದು ನಗುತ್ತಿದ್ದಳು.

ಮೊಮ್ಮಗಳು ಮುದ್ದಿಗೆ ಮುತ್ತು. ಸಂಕ್ರಾಂತಿಗೆ ಅವಳನ್ನು ಕರೆದುಕೊಂಡು ಬಾ.

ಇಂತಿ ನಿನ್ನ ಅಪ್ಪ,
ಮರಿಸಿದ್ದಯ್ಯ


ಕಾಳೇನಕೊಪ್ಪಲು, ಚಿಕ್ಕರಸಿನಕೆರೆ ಹತ್ತಿರ
14 ಡಿಸೆಂಬರ್ 1942

ಅಪ್ಪನ ಪಾದಕ್ಕೆ ಹೊಂಬಾಳೆಯ ಶರಣು.

ಕಡಲೆಕಾಯಿ ಗಾತ್ರಕ್ಕೇ ಬರೆದಿದ್ದೇನೆ, ನೋಡಿಕೊಳ್ಳಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿಮ್ಮಪ್ಪನಿಗೆ ಮಸಿ ಡೊಂಕು ಎಂದು ನಿಮ್ಮ ಅಳಿಯ ನಕ್ಕರು.

ನಗುವ ಹೊತ್ತಲ್ಲ ಅಪ್ಪ. ನಮ್ಮೂರಿನಲ್ಲಿ ಇಲಿ ಬಿದ್ದಿದೆ. ಒಂದು ವಾರದಲ್ಲಿ ಮೂರು ಕಡೆ ಸತ್ತ ಇಲಿ ಸಿಕ್ಕಿದೆ. ಸತ್ತದ್ದು ಮನೆಯ ಸುಂಡಿಲಿಯಾದರೆ ಪ್ಲೇಗೇ, ಇವತ್ತೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಗದ್ದೆಯ ಚಿಟ್ಟಿಲಿಯಾದರೆ ಹೆದರಬೇಕಾಗಿಲ್ಲ, ಕುಯ್ಲಾದ ಮೇಲೆ ವರ್ಷವೂ ಹೊರೆಯೊಳಗೆ ಸೇರಿಕೊಂಡು ಬಂದು ಸಾಯುತ್ತವೆ. ಹದಿನೆಂಟರ ಪ್ಲೇಗನ್ನು ಕಂಡಿದ್ದ ಜವರಯ್ಯ ಆಗಲೇ ಹೆಂಡತಿ, ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ತೋಪಿನ ಹತ್ತಿರ ಗುಡಿಸಲು ಹಾಕಿದ್ದಾನೆ. ಮಿಕ್ಕವರು ನಮ್ಮ ಮಾವನ ಮುಖ ನೋಡುತ್ತಿದ್ದಾರೆ, ಊರ ಯಜಮಾನರಲ್ಲವೆ. ಮಾವ ನನ್ನನ್ನು ಕರೆದು, "ಈಗ ಊರ್ ಬುಟ್ರೆ ಕಣದಲ್ಲಿರೋ ಬತ್ತ ಯಾರ್ ಬಡೀತಾರೆ ಮಗಾ? ಸುದ್ದಿ ಓಯ್ತು ಅಂದ್ರೆ ಸರ್ಕಾರದೋರು ಬಂದು ಎಂಚೆಲ್ಲ ಇಳಿಸ್ಬುಡ್ತಾರೆ. ನಿಮ್ಮಪ್ಪ ಇಲಿ ಮೇಷ್ಟ್ರಲ್ವಾ, ಅವ್ರು ಬುಡಿ ಅಂದ್ರೆ ಬುಡ್ತೀವಿ, ಇರಿ ಅಂದ್ರೆ ಇರ್ತೀವಿ" ಅಂದರು. ನಾನು ಬರೆಯುತ್ತಿರುವಾಗಲೂ ಎದುರಿಗೇ ಕೂತಿದ್ದಾರೆ.

ಮೂರನ್ನೂ ಉಪ್ಪು ಹಾಕಿ ಬಿಸ್ಕತ್ ಡಬ್ಬಿಯಲ್ಲಿಟ್ಟು ಇದ್ದಲಿನಿಂದ ಓಡುವ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ. ನೀವು ಕಲಿಸಿದಂತೆ ಹಿಂಗಾಲಿಗೆ ದಾರ ಕಟ್ಟಿದ್ದೇನೆ. ಬಿಳಿ ದಾರದ್ದು ಕಣದ ಮೆದೆಯಲ್ಲಿ ಸಿಕ್ಕಿದ್ದು. ಕೆಂಪು ದಾರದ್ದು ಜವರಯ್ಯನ ಜಗಲಿಯಲ್ಲಿ. ಎರಡಕ್ಕೂ ಚಿಟ್ಟಿಲಿಯ ಹಾಗೆ ಬಾಲ ಮೈಗಿಂತ ಗಿಡ್ಡ, ಹೊಟ್ಟೆ ಬೆಳ್ಳಗಿದೆ. ಕರಿ ದಾರದ್ದು ನಮ್ಮ ಮನೆಯೊಳಗೇ, ರಾಗಿ ತುಂಬುವ ವಾಡೆಯ ಹಿಂದೆ ಸಿಕ್ಕಿತು. ಮುದ್ದಿಯೇ ಹಿಡಿದುಕೊಂಡು ಬಂದಳು, "ತಾತಂಗೆ ಕಳ್ಸವ್ವ" ಎಂದು. ಅರ್ಧ ಬಾಲವನ್ನು ಇರುವೆ ತಿಂದಿತ್ತು. ಹೊಟ್ಟೆ ನೆಂದು ಕೊಳೆಯಾಗಿದೆ, ಬಣ್ಣ ಹೇಳಲಾಗದು. ಅದರ ಹಲ್ಲನ್ನು ನೀವೇ ನೋಡಿ ಹೇಳಿ.

ಬೇಗ ಬರೆಯಿರಿ. ಊರೆಲ್ಲ ನಿಮ್ಮ ಕಾಗದಕ್ಕೆ ಕಾದಿದೆ.

ನಿಮ್ಮ ಮಗಳು,
ಹೊಂಬಾಳಮ್ಮ


ಬೆಳಕವಾಡಿ
20 ಡಿಸೆಂಬರ್ 1942

ಹೊಂಬಾಳೆಗೆ ಆಶೀರ್ವಾದ.

ಡಬ್ಬಿ ತಲುಪಿತು. ಎರಡು ದಿನ ಇಟ್ಟುಕೊಂಡು ನೋಡಿದ್ದೇನೆ.

ಮೂರೂ ಚಿಟ್ಟಿಲಿಗಳೇ. ಬಿಳಿ ದಾರದ್ದು, ಕೆಂಪು ದಾರದ್ದು ನೀನು ಬರೆದಂತೆಯೇ ಇವೆ, ಬಾಲವನ್ನು ಕಡ್ಡಿ ಇಟ್ಟು ಅಳೆದೆ. ಕರಿ ದಾರದ್ದಕ್ಕೆ ಬಾಲವಿಲ್ಲದ್ದರಿಂದ ಹಲ್ಲೇ ಗತಿ. ಹಲ್ಲು ನಯವಾಗಿದೆ, ಕಚ್ಚಿಲ್ಲ. ನಿನ್ನ ಉಗುರು ಏನು ಹೇಳಿತು ಎಂದು ನೀನು ಬರೆದಿಲ್ಲ. ಕಚ್ಚು ಸಿಕ್ಕಿದ್ದರೆ ಬರೆಯದೆ ಬಿಡುವವಳಲ್ಲ ನೀನು, ಆದ್ದರಿಂದ ಇಬ್ಬರೂ ಒಪ್ಪಿದಂತೆ ಆಯಿತು. ಮನೆಯೊಳಗೆ ಸಿಕ್ಕಿತೆಂದು ಸುಂಡಿಲಿಯಾಗಬೇಕಾಗಿಲ್ಲ. ಬಾಗಿಲು ತೆಗೆದಿದ್ದರೆ ಚಿಟ್ಟಿಲಿಯೂ ನೆಂಟನ ಹಾಗೆ ಒಳಗೆ ಬರುತ್ತದೆ.

ನಿನ್ನ ಮಾವ ಚಿಕ್ಕಬೋರಯ್ಯನವರಿಗೆ ನನ್ನ ನಮಸ್ಕಾರ ಹೇಳು. ಧೈರ್ಯವಾಗಿ ಬತ್ತ ಬಡಿಯಲಿ. ಜವರಯ್ಯನಿಗೂ ಹೇಳು, ಈ ಚಳಿಯಲ್ಲಿ ಮಕ್ಕಳನ್ನು ಗುಡಿಸಲಿನಲ್ಲಿ ಇಟ್ಟರೆ ಇಲಿ ಕೊಲ್ಲದಿದ್ದರೂ ನೆಗಡಿ ಕೊಲ್ಲುತ್ತದೆ.

ಮುದ್ದಿ ಹಿಡಿದ ಇಲಿಯನ್ನು ತೆಗೆದಿಟ್ಟಿದ್ದೇನೆ. ಅವಳ ಮೊದಲನೆಯದು. ಚೀಟಿಯ ಮೇಲೆ ಅವಳ ಹೆಸರನ್ನೇ ಬರೆಯುತ್ತೇನೆ.

ನಿನ್ನ ಅಪ್ಪ,
ಮರಿಸಿದ್ದಯ್ಯ


ಕಾಳೇನಕೊಪ್ಪಲು
29 ಡಿಸೆಂಬರ್ 1942

ಅಪ್ಪನಿಗೆ ಶರಣು.

ನಿಮ್ಮ ಕಾಗದವನ್ನು ಅರಳಿಕಟ್ಟೆಯ ಮೇಲೆ ನಿಮ್ಮ ಅಳಿಯ ಗಟ್ಟಿಯಾಗಿ ಓದಿದರು. ನೆಂಟನ ಹಾಗೆ ಬರುತ್ತದೆ ಅಂದ ಕಡೆ ಎಲ್ಲರೂ ನಕ್ಕರು. ಸಂಜೆಯೇ ಜವರಯ್ಯ ಗುಡಿಸಲು ಕಿತ್ತು ಮನೆಗೆ ಬಂದ. "ಮೇಷ್ಟ್ರೇ ಏಳುದ್ ಮೇಲೆ ಇನ್ನೇನು" ಅಂದ. ಕಣ ಮುಗಿಯುತ್ತಾ ಬಂತು.

ನಿಮ್ಮ ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆಯಲ್ಲ ಅಪ್ಪ? ಎರಡು ಕಡೆ ಬರೆದದ್ದರ ಮೇಲೆಯೇ ಬರೆದಿದ್ದೀರಿ. ಮಡಿಲಲ್ಲಿಟ್ಟುಕೊಂಡು ಬರೆದಿರೇನೋ.

ನಿನ್ನೆಯಿಂದ ಜವರಯ್ಯನ ದೊಡ್ಡ ಮಗನಿಗೆ ಜ್ವರ. ಕಂಕುಳಲ್ಲಿ ಗಂಟು ಇದೆ ಎಂದು ಜವರಯ್ಯನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. ಬತ್ತದ ಹೊರೆ ಹೊತ್ತು ನರ ಉಬ್ಬಿದೆ ಅನ್ನುತ್ತಾರೆ ಮಾವ. ಇವತ್ತು ಬೆಳಿಗ್ಗೆ ನಮ್ಮ ಅಟ್ಟದಲ್ಲಿ ಇನ್ನೆರಡು ಸತ್ತಿದ್ದವು. ನಾನು ನೋಡುವುದರೊಳಗೆ ಅತ್ತೆ ಗುಡಿಸಿ ಒಲೆಗೆ ಹಾಕಿದರು.

ಕರಿ ದಾರದ್ದನ್ನು ಇನ್ನೊಂದು ಸಲ ನೋಡಿ. ನಿಮ್ಮ ಮೇಲೆ ಅಪನಂಬಿಕೆಯಿಂದಲ್ಲ. ಬಿಸಿಲಿನಲ್ಲಿ ಹಿಡಿದು, ದೊರೆ ಕೊಟ್ಟಿದ್ದ ಭೂತಗನ್ನಡಿಯಲ್ಲಿ ಒಮ್ಮೆ ನೋಡಿ.

ಹೊಂಬಾಳಮ್ಮ


ಬೆಳಕವಾಡಿ
4 ಜನವರಿ 1943

ಹೊಂಬಾಳೆಗೆ,

ನೋಡಿಯಾಗಿದೆ ಎಂದು ಬರೆದ ಮೇಲೆ ಇನ್ನೊಂದು ಸಲ ನೋಡಿ ಅಂದರೆ ಏನರ್ಥ? ಮೂವತ್ತು ವರ್ಷದಿಂದ ನೋಡುತ್ತಿರುವ ಹಲ್ಲು. ದೊರೆ ಒಂದು ದಿನವೂ ನನ್ನ ಚೀಟಿಯನ್ನು ತಿದ್ದಲಿಲ್ಲ, ಈಗ ಮಗಳು ತಿದ್ದುವುದಕ್ಕೆ ಹೊರಟಿದ್ದಾಳೆ.

ಆ ಹುಡುಗನಿಗೆ ಬಂದಿರುವುದು ನಾಲೆಯ ಜ್ವರ. ನಾಲೆ ಬಂದಾಗಿನಿಂದ ಮಂಡ್ಯದ ಕಡೆ ಯಾರಿಗೆ ಬಂದಿಲ್ಲ? ಕ್ವಿನೈನ್ ತರಿಸಿ ಕೊಡಲಿ.

ನಾನು ಮೇಜಿನ ಮೇಲಿಟ್ಟೇ ಬರೆಯುತ್ತೇನೆ, ಮಡಿಲಲ್ಲಲ್ಲ. ಮಸಿ ಸರಿಯಿಲ್ಲ.

ಸಂಕ್ರಾಂತಿಗೆ ಎಳ್ಳು ಬೀರಿ ಮಾರನೆಯ ದಿನ ಹೊರಡಿ. ಮಳವಳ್ಳಿಯವರೆಗೆ ನಾನೇ ಬಂದು ಕರೆದುಕೊಳ್ಳುತ್ತೇನೆ.

ಮರಿಸಿದ್ದಯ್ಯ


ಕಾಳೇನಕೊಪ್ಪಲು ತೋಪು
19 ಜನವರಿ 1943

ಮಾವನವರಿಗೆ ಅಳಿಯ ಚಲುವರಾಜು ಮಾಡುವ ನಮಸ್ಕಾರ.

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಹಬ್ಬದ ಹಿಂದಿನ ದಿನ ಮುದ್ದಿ ಹೋಯಿತು. ಮೂರೇ ದಿನ ಜ್ವರ. ತೊಡೆಯ ಸಂದಿನಲ್ಲಿ ಗಂಟು ಎದ್ದಿತ್ತು. ಕಡೆಯ ದಿನ ನಮ್ಮ ಯಾರ ಗುರುತೂ ಹತ್ತಲಿಲ್ಲ.

ಜವರಯ್ಯನ ಮಕ್ಕಳಿಬ್ಬರೂ ಹೋದರು. ಊರಿನಲ್ಲಿ ಒಟ್ಟು ಒಂಬತ್ತು ಜನ. ಮದ್ದೂರಿನಿಂದ ಡಾಕ್ಟರು ಬಂದು ಪ್ಲೇಗೇ ಎಂದು ಹೇಳಿ ಎಲ್ಲರಿಗೂ ಸೂಜಿ ಹಾಕಿದರು. ಈಗ ಊರು ಖಾಲಿ. ತೋಪಿನಲ್ಲಿ ಗುಡಿಸಲು ಹಾಕಿಕೊಂಡಿದ್ದೇವೆ. ಹೆಂಚು ಇಳಿಸಿದ್ದಾರೆ. ಬಡಿದ ಬತ್ತವೆಲ್ಲ ಮನೆಯೊಳಗೇ ಇದೆ, ಮುಟ್ಟುವ ಹಾಗಿಲ್ಲ.

ನೀವು ಬರಬೇಡಿ. ಒಳಗೆ ಬಿಡುವುದಿಲ್ಲ. ಬಿಟ್ಟರೂ ಬರಬೇಡಿ. ಊರಿನವರು ಆಡುವ ಮಾತನ್ನು ನೀವು ಕೇಳಬಾರದು.

ಹೊಂಬಾಳೆ ಅಳುವುದೂ ಇಲ್ಲ, ಊಟಕ್ಕೆ ಕೂರುವುದೂ ಇಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಕಚ್ಚಿ ಕಚ್ಚಿ ರಕ್ತ ಮಾಡಿಕೊಂಡಿದ್ದಾಳೆ.

ಚಲುವರಾಜು


ಬೆಳಕವಾಡಿ
8 ಫೆಬ್ರವರಿ 1943

ನನ್ನವ್ವ ಹೊಂಬಾಳೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಸಾಲಿನ ಮೇಲೆ ಸಾಲು ಬಿದ್ದಿದ್ದರೆ ಹೇಗಾದರೂ ಬಿಡಿಸಿಕೊಂಡು ಓದು.

ನನಗೆ ಕಣ್ಣು ಕಾಣುವುದಿಲ್ಲ. ಎರಡು ವರ್ಷದಿಂದ ಪೊರೆ ಬೆಳೆಯುತ್ತಿದೆ. ಮಸಿಗೆ ಯಾರೂ ನೀರು ಬೆರೆಸಿರಲಿಲ್ಲ. ನಿನ್ನ ಕಾಗದಗಳನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದೊಂದೇ ಅಕ್ಷರ ಹಿಡಿದು ಎರಡು ದಿನ, ಮೂರು ದಿನ ಓದುತ್ತಿದ್ದೆ. ಸ್ಕೂಲಿನಲ್ಲಿ ಪಾಠವೆಲ್ಲ ಬಾಯಿಪಾಠವಿದ್ದದ್ದರಿಂದ ನಡೆದುಹೋಯಿತು. ಮಕ್ಕಳ ದನಿಯ ಮೇಲೆ ಹೆಸರು ಹಿಡಿದು ಕರೆಯುತ್ತಿದ್ದೆ. ಯಾರಿಗೂ ತಿಳಿಯಲಿಲ್ಲ. ತಿಳಿಯಬಾರದು ಎಂದು ನಾನು ಪಟ್ಟ ಪಾಡು ನನಗೊಬ್ಬನಿಗೇ ಗೊತ್ತು. ಕಣ್ಣು ಹೋದ ಮೇಲೆ ಇಲಿ ಮೇಷ್ಟ್ರು ಯಾರು? ಬರೀ ಮುದುಕ.

ಡಬ್ಬಿ ಬಂದಾಗ ಮೊದಲೆರಡನ್ನು ಬೆರಳಿನಿಂದಲೇ ತಿಳಿದೆ. ಬಾಲ ಗಿಡ್ಡ, ಬೆರಳಿಗೆ ಗೊತ್ತಾಗುತ್ತದೆ. ಮೂರನೆಯದನ್ನು ಬಿಸಿಲಿಗೆ ಹಿಡಿದೆ, ಭೂತಗನ್ನಡಿ ಇಟ್ಟೆ. ಕನ್ನಡಿ ಪೊರೆಯನ್ನೇ ದೊಡ್ಡದು ಮಾಡಿತು. ಉಗುರಿನಿಂದ ನೋಡೋಣವೆಂದರೆ ಈ ವಯಸ್ಸಿನ ಉಗುರು ಎಮ್ಮೆಯ ಗೊರಸು, ಅಕ್ಕಿಕಾಳಿಗಿಂತ ಸಣ್ಣ ಹಲ್ಲಿನ ಮೇಲೆ ಅದಕ್ಕೇನು ತಿಳಿದೀತು. ಕರಿಯಯ್ಯನಿಗೆ ತೋರಿಸಿದೆ. ಬಿಲ ಎಲ್ಲಿ ಎಂದು ಕೇಳಿದ.

ಆಗ ನಿನ್ನ ಕಾಗದವನ್ನು ಮತ್ತೆ ಓದಿದೆ. ಉಗುರಿಗೆ ಏನಾದರೂ ಸಿಕ್ಕಿತೆಂದು ಎಲ್ಲಿಯೂ ಬರೆದಿರಲಿಲ್ಲ. ಅಷ್ಟು ಸಾಕಾಯಿತು ನನಗೆ. ನಿನ್ನ ಉಗುರು ಎಂದೂ ತಪ್ಪಿದ್ದಿಲ್ಲ. ಹೊಂಬಾಳೆಗೆ ಸಿಕ್ಕಿಲ್ಲವೆಂದರೆ ಇಲ್ಲ ಎಂದುಕೊಂಡು, ನಾನು ನೋಡಿದವನ ಹಾಗೆ ಹಲ್ಲು ನಯವಾಗಿದೆ ಎಂದು ಬರೆದುಬಿಟ್ಟೆ. ಎರಡು ಚಿಟ್ಟಿಲಿಯಾದ್ದರಿಂದ ಮೂರನೆಯದೂ ಅದೇ ಎಂದುಕೊಂಡೆ. ಯಾವ ತಪ್ಪಿಗೆ ನಿನಗೆ ಊಟ ಬಿಡಿಸಿದ್ದೆನೋ ಅದನ್ನೇ ಮಾಡಿದೆ.

ನೀನು ಇನ್ನೊಮ್ಮೆ ನೋಡಿ ಎಂದು ಬರೆದಾಗ ನನಗೆ ಬಂದದ್ದು ಸಿಟ್ಟಲ್ಲ, ಭಯ. ಅವತ್ತಾದರೂ ನನಗೆ ಕಾಣುವುದಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಮಗು ಉಳಿಯುತ್ತಿತ್ತು. ಸಿಟ್ಟು ಮಾಡಿ ಬರೆದೆ.

ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ಆ ಮೂರನೆಯ ಇಲಿ ಇನ್ನೂ ಇಲ್ಲೇ ಇದೆ. ಚೀಟಿ ಬರೆದಿಲ್ಲ.

ನಿನ್ನ ಅಪ್ಪ


ಬೆಳಕವಾಡಿ
15 ಮಾರ್ಚ್ 1943

ಹೊಂಬಾಳೆ,

ಟಪಾಲಿನವನ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತೇನೆ. ನಿನ್ನ ಕಾಗದವಿಲ್ಲ. ಬೈದಾದರೂ ಬರೆ.

ಅಪ್ಪ


ಕಾಳೇನಕೊಪ್ಪಲು
22 ಏಪ್ರಿಲ್ 1943

ಅಪ್ಪನಿಗೆ,

ನಿಮ್ಮ ಕಾಗದವನ್ನು ನಾನೊಬ್ಬಳೇ ಓದಿದೆ. ಇವರಿಗೂ ತೋರಿಸಲಿಲ್ಲ. ಓದಿ ತೋಪಿನ ಆಚೆ, ಮುದ್ದಿಯನ್ನು ಮಣ್ಣು ಮಾಡಿದ ಕಡೆ ಹೋಗಿ ಕೂತಿದ್ದೆ. ಮಗು ಅಂಗೈಯಲ್ಲಿಟ್ಟು ತಂದ ಇಲಿಯನ್ನು ನೀವು ನೋಡಲೇ ಇಲ್ಲ. ನೋಡಲಾಗದು ಎನ್ನುವುದಕ್ಕೆ ನಿಮಗೆ ನಾಚಿಕೆಯಾಯಿತು. ನಿಮ್ಮ ನಾಚಿಕೆಗೆ ಒಂಬತ್ತು ಜನ ಹೋದರು ಅಪ್ಪ.

ಯುಗಾದಿ ಮುಗಿದ ಮೇಲೆ ಊರೊಳಗೆ ಬಂದೆವು. ಹೆಂಚು ಮತ್ತೆ ಹೊದಿಸಿದ್ದಾರೆ. ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಹಗ್ಗ ಎತ್ತಿಕೊಂಡು ಸರಿಯುತ್ತಾರೆ. "ಮೇಷ್ಟ್ರ ಮಗಳು ಊರ್ಗೇ ಮಣ್ಣಾಕುದ್ಲು" ಎಂದು ಕೇಳಿಸುವಂತೆಯೇ ಅನ್ನುತ್ತಾರೆ. ಅದನ್ನೆಲ್ಲ ತಡೆದುಕೊಳ್ಳುತ್ತೇನೆ. ಜವರಯ್ಯನನ್ನು ತಡೆಯಲಾರೆ. ದಿನಾ ಬೆಳಿಗ್ಗೆ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಾನೆ. ಬೈಯುವುದಿಲ್ಲ. "ನಿಮ್ಮಪ್ಪ ಸರ್ಯಾಗ್ ನೋಡಿದ್ರಾ ಕಣವ್ವ?" ಎಂದು ಕೇಳುತ್ತಾನೆ, ಅಷ್ಟೇ. ನೋಡಿದ್ರು ಕಣಣ್ಣ ಅನ್ನುತ್ತೇನೆ. "ಅಂಗಾದ್ರೆ ನಮ್ ಅಣೆಬರ ಬುಡವ್ವ" ಎಂದು ಹೋಗುತ್ತಾನೆ. ಮಾರನೆಯ ದಿನ ಮತ್ತೆ ಬರುತ್ತಾನೆ.

ಈ ಕಾಗದವನ್ನು ಸಣ್ಣಕ್ಷರದಲ್ಲಿ ಬರೆದಿದ್ದೇನೆ, ಬೇಕೆಂದೇ. ಇನ್ನೊಬ್ಬರ ಕೈಲಿ ಓದಿಸಿಕೊಳ್ಳಿ. ನಿಮಗೆ ಕಾಣುವುದಿಲ್ಲ ಎಂದು ಬೆಳಕವಾಡಿಗೆಲ್ಲ ಗೊತ್ತಾಗಲಿ. ಇನ್ನೊಂದು ಊರಿನವರು ಡಬ್ಬಿ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬರದೆ ಇರಲಿ.

ಒಳಗೆ ಇನ್ನೊಂದು ಹಾಳೆ ಮಡಿಸಿಟ್ಟಿದ್ದೇನೆ. ಅದು ದೊಡ್ಡಕ್ಷರದ್ದು. ಅದನ್ನು ಯಾರ ಕೈಗೂ ಕೊಡಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ನೀವೊಬ್ಬರೇ ಓದಿ.

ಹೊಂಬಾಳಮ್ಮ


(ಮಡಿಸಿಟ್ಟ ಹಾಳೆ)

ಅಪ್ಪ, ಮೂರನೆಯದರ ಹಲ್ಲಿನಲ್ಲಿ ಕಚ್ಚು ಇತ್ತು. ಡಬ್ಬಿಗೆ ಹಾಕುವ ಮೊದಲೇ ನನ್ನ ಉಗುರಿಗೆ ಸಿಕ್ಕಿತ್ತು.

ಬರೆಯಲಿಲ್ಲ. ಮಾವ ಎದುರಿಗೆ ಕೂತಿದ್ದರು. ಸೊಸೆಯ ಮಾತಿಗೆ ಊರು ಬಿಟ್ಟು ಕಣ ಹಾಳಾದರೆ ಈ ಮನೆಯಲ್ಲಿ ನಾನು ಬಾಳುವುದು ಹೇಗೆ ಅನ್ನಿಸಿತು. ನಿಮ್ಮ ಬಾಯಿಂದ ಬರಲಿ ಅಂದುಕೊಂಡೆ. ನಿಮ್ಮ ಕಣ್ಣು ಬಿಡುವುದಿಲ್ಲ ಅಂದುಕೊಂಡೆ.

ಹಲ್ಲು ನಯ ಎಂದು ನಿಮ್ಮ ಕಾಗದ ಬಂದಾಗ ನನ್ನ ಉಗುರೇ ಸುಳ್ಳು ಹೇಳಿತು ಎಂದು ಸಮಾಧಾನವಾಯಿತು. ಸಂತೋಷವಾಯಿತು ಅಪ್ಪ.

ಇದನ್ನು ಯಾರಿಗೂ ಹೇಳಿಲ್ಲ. ನಿಮ್ಮೊಬ್ಬರಿಗೆ ಹೇಳದಿದ್ದರೆ ಸತ್ತೇ ಹೋಗುತ್ತೇನೆ. ಓದಿ ಸುಟ್ಟುಬಿಡಿ. ಓದಿದೆ ಎಂದು ಮಾತ್ರ ಬರೆಯಿರಿ.


ಬೆಳಕವಾಡಿ
11 ಮೇ 1943

ಮಗಳು ಹೊಂಬಾಳೆಗೆ ಆಶೀರ್ವಾದ.

ಇದನ್ನು ಬರೆಯುತ್ತಿರುವವರು ಕೆಂಪಸಿದ್ದಯ್ಯ, ನನ್ನ ಜಾಗಕ್ಕೆ ಬಂದಿರುವ ಮೇಷ್ಟ್ರು. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. ಯುಗಾದಿಯ ಮಾರನೆಯ ದಿನವೇ ಕೆಲಸ ಬಿಟ್ಟೆ.

ನೀನು ಹೇಳಿದಂತೆಯೇ ಮಾಡಿದೆ. ಸ್ಕೂಲಿನ ಜಗಲಿಯ ಮೇಲೆ ಕೂತು, ಬಂದವರೆಲ್ಲರ ಮುಂದೆ, ನಿನ್ನ ಸಣ್ಣಕ್ಷರದ ಕಾಗದವನ್ನು ಗಟ್ಟಿಯಾಗಿ ಓದಿಸಿದೆ. ಕರಿಯಯ್ಯ ಎದ್ದು ಬಂದು ನನ್ನ ಕೈ ಹಿಡಿದುಕೊಂಡು, "ಏಳ್ಬಾರ್ದಾಗಿತ್ತಾ ಮೇಷ್ಟ್ರೇ, ನಾನೇನ್ ಸತ್ತೋಗಿದ್ನಾ?" ಎಂದು ಅತ್ತ.

ಮಡಿಸಿಟ್ಟ ಹಾಳೆಯನ್ನು ಯಾರಿಗೂ ಕೊಟ್ಟಿಲ್ಲ. ಈ ಮೇಷ್ಟ್ರಿಗೂ ಇಲ್ಲ. ಮಧ್ಯಾಹ್ನ ಗದ್ದೆಯ ಬಯಲಿಗೆ ತೆಗೆದುಕೊಂಡು ಹೋಗಿ ಬಿಸಿಲಿಗೆ ಹಿಡಿದೆ. ಬರೀ ಬಿಳುಪು. ಭೂತಗನ್ನಡಿ ಇಟ್ಟೆ, ಇನ್ನೂ ಬಿಳುಪು. ಮಾರ್ಚಿನಲ್ಲಿ ನಿನಗೆ ಬರೆದದ್ದೇ ಕಡೆ, ಆಮೇಲೆ ನನಗೆ ಅಕ್ಷರ ಕಂಡಿಲ್ಲ. ಹಾಳೆಯ ಮೇಲೆ ಉಗುರು ಎಳೆದು ನೋಡಿದೆ. ಮಸಿಗೆ ಕಚ್ಚಿಲ್ಲ. ಏನೂ ಸಿಕ್ಕಲಿಲ್ಲ.

ಅದರಲ್ಲಿ ಏನಿದೆಯೋ ತಿಳಿಯದು. ಕ್ಷಮಿಸಿದ್ದೇನೆ ಎಂದು ಬರೆದಿದ್ದೀಯೋ, ಮುಖ ತೋರಿಸಬೇಡ ಎಂದೋ. ಎರಡೂ ನ್ಯಾಯವೇ. ಮುದ್ದಿಯ ಇಲಿಯಿದ್ದ ಡಬ್ಬಿಯಲ್ಲೇ ಅದನ್ನು ಇಟ್ಟಿದ್ದೇನೆ. ಎಂದಾದರೂ ನೀನೇ ಬಂದು ಓದಿ ಹೇಳು. ನೀನು ಬರುವುದಿಲ್ಲವಾದರೆ, ಡಬ್ಬಿಯನ್ನು ತೆರೆಯದೆ ನನ್ನ ಜೊತೆ ಮಣ್ಣಿಗೆ ಹಾಕು ಎಂದು ಕರಿಯಯ್ಯನಿಗೆ ಹೇಳಿದ್ದೇನೆ.

ಒಂದು ಮಾತು. ಜವರಯ್ಯನ ಹತ್ತಿರ ನನಗಾಗಿ ಇನ್ನು ಸುಳ್ಳು ಹೇಳಬೇಡ. ನಾಳೆ ಬಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು. ನಮ್ಮಪ್ಪ ಕುರುಡ, ನೋಡಲಿಲ್ಲ, ನನ್ನ ಉಗುರಿಗೆ ಸಿಕ್ಕಿದ್ದರೆ ನಾನೇ ಹೇಳುತ್ತಿದ್ದೆ ಅನ್ನು.

ನಿನ್ನ ಅಪ್ಪ,
ಮರಿಸಿದ್ದಯ್ಯ
(ಬರೆದವರು: ಕೆಂಪಸಿದ್ದಯ್ಯ)